ಕಾಣೆಯಾದ ಅವಳಿ, ರಕ್ತದಲ್ಲಿ ಉಳಿದ ಗುರುತು

ಏಳನೇ ವಾರದ ಸ್ಕ್ಯಾನಿಂಗ್‌ನಲ್ಲಿ ಎರಡು ಚೀಲ ಕಂಡಿದ್ದವು. ಹನ್ನೆರಡನೇ ವಾರಕ್ಕೆ ಹೋದಾಗ ಒಂದೇ ಕೂಸು. ಹೀಗೆ ಆಗಿ ಬಂದ ಬಸುರಿಯರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. "ಇನ್ನೊಂದು ಕರಗಿ ಹೋಗಿದೆ, ಉಳಿದದ್ದು ಚೆನ್ನಾಗಿದೆ, ಹೆದರಬೇಡಮ್ಮ" ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಮನೆಗೆ ಬಂದ ಮೇಲೆ ಅತ್ತೆ "ಎರಡು ಅಂದಿದ್ರಲ್ಲ, ಇನ್ನೊಂದು ಎಲ್ಲಿ ಹೋಯ್ತು?" ಎಂದು ಕೇಳಿದರೆ ಆಕೆಯ ಹತ್ತಿರ ಉತ್ತರ ಇರುವುದಿಲ್ಲ.

ಅತ್ತೆಯ ಆ ಪ್ರಶ್ನೆಗೆ ವಿಜ್ಞಾನ ಉತ್ತರ ಹುಡುಕಿದ ಕಥೆ ಇದು. ಇದರ ಜೊತೆಗೆ ಇನ್ನೊಂದು ಪ್ರಶ್ನೆ ಹೊಸೆದುಕೊಂಡಿದೆ. ಸರಿಸುಮಾರು ಅದೇ ಹನ್ನೆರಡನೇ ವಾರದಲ್ಲಿ ಉಳಿದ ಕೂಸಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆ ಇದೆಯೇ ಎಂದು ತಾಯಿಯ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆ ರಕ್ತ ಹೇಳುವುದು ಇರುವ ಕೂಸಿನ ಸುದ್ದಿಯೋ, ಹೋದ ಕೂಸಿನ ಸುದ್ದಿಯೋ? ಈ ಎರಡನ್ನೂ ಬೇರೆ ಮಾಡಿ ನೋಡಬೇಕು ಎಂಬುದು ವೈದ್ಯರಿಗೇ ಅರ್ಥವಾದದ್ದು ತೀರಾ ಈಚೆಗೆ.

ಸ್ಕ್ಯಾನಿಂಗ್ ಇಲ್ಲದ ಕಾಲ

ಹೆರಿಗೆ ಮಾಡಿಸುವವರಿಗೆ ಇದು ಪೂರ್ತಿ ಗೊತ್ತಿಲ್ಲದ ಸಂಗತಿ ಆಗಿರಲಿಲ್ಲ. ಅಪರೂಪಕ್ಕೊಮ್ಮೆ ಕೂಸು ಹುಟ್ಟಿ ಮಾಸು ಬಿದ್ದ ಮೇಲೆ, ಆ ಮಾಸಿನ ಜೊತೆಗೆ ಚಪ್ಪಟೆಯಾಗಿ ಒಣಗಿದ ಇನ್ನೊಂದು ಸಣ್ಣ ಆಕಾರ ಕಾಣಿಸುತ್ತಿತ್ತು. ನಾಲ್ಕೈದು ತಿಂಗಳಿಗೆ ಸತ್ತ ಅವಳಿಯನ್ನು ಬೆಳೆಯುತ್ತಿರುವ ಇನ್ನೊಂದು ಕೂಸು ಒತ್ತಿ ಒತ್ತಿ ಹಾಗೆ ಮಾಡಿರುತ್ತದೆ. ಯುರೋಪಿನ ವೈದ್ಯರು ಅದಕ್ಕೆ ಲ್ಯಾಟಿನ್ನಿನಲ್ಲಿ 'ಫೀಟಸ್ ಪ್ಯಾಪಿರೇಶಿಯಸ್' ಎಂದು ಹೆಸರಿಟ್ಟರು. ಪ್ಯಾಪಿರಸ್ ಅಂದರೆ ಹಳೇ ಈಜಿಪ್ಟಿನವರು ಬರೆಯಲು ಬಳಸುತ್ತಿದ್ದ ಜೊಂಡಿನ ಹಾಳೆ. ಕಾಗದದಂತಾದ ಕೂಸು ಎಂದರ್ಥ.

ಅದು ತಡವಾಗಿ ಹೋದ ಅವಳಿಯ ಮಾತು. ಏಳು ಎಂಟನೇ ವಾರಕ್ಕೇ ಹೋದದ್ದಕ್ಕೆ ಹೆರಿಗೆಯ ಹೊತ್ತಿಗೆ ಗುರುತೇ ಉಳಿಯುವುದಿಲ್ಲ. ಹೆಸರುಕಾಳಿನಿಂದ ಅವರೆಕಾಳಿನಷ್ಟು ದೊಡ್ಡದಿರುವ ಜೀವ ಅದು. ತಾಯಿಯ ಮೈ ಅದನ್ನು ಹೀರಿಕೊಂಡುಬಿಡುತ್ತದೆ. ಕೆಲವರಿಗೆ ಒಂದೆರಡು ದಿನ ಹನಿಹನಿಯಾಗಿ ರಕ್ತ ಕಾಣಿಸುತ್ತದೆ, ಕೆಲವರಿಗೆ ಅದೂ ಇಲ್ಲ. "ಬಸುರಲ್ಲಿ ಸ್ವಲ್ಪ ಕಂಡಿತ್ತು, ಆಮೇಲೆ ನಿಂತಿತು" ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದರಲ್ಲಿ ಎಷ್ಟು ಈ ಥರದ್ದೋ, ಲೆಕ್ಕ ಇಟ್ಟವರಿಲ್ಲ.

ಲೆಕ್ಕ ಇದ್ದದ್ದು ಹುಟ್ಟಿದವರದ್ದು ಮಾತ್ರ. 1895ರಲ್ಲಿ ಹೆಲ್ಲಿನ್ ಎಂಬ ವೈದ್ಯ ಹೆರಿಗೆ ದಾಖಲೆಗಳನ್ನು ನೋಡಿ ಒಂದು ಸೂತ್ರ ಹೇಳಿದ. ಸುಮಾರು 89 ಹೆರಿಗೆಗೆ ಒಂದು ಅವಳಿ, 89ನ್ನು 89ರಿಂದ ಗುಣಿಸಿದಷ್ಟು ಹೆರಿಗೆಗೆ ಒಂದು ತ್ರಿವಳಿ. ದೇಶದಿಂದ ದೇಶಕ್ಕೆ ಇದು ಬದಲಾಗುತ್ತದೆ, ಆದರೂ ಪುಸ್ತಕಗಳಲ್ಲಿ ಈ ಸೂತ್ರ ಬಹಳ ಕಾಲ ಉಳಿಯಿತು. ಎಷ್ಟು ಅವಳಿ ಹುಟ್ಟುತ್ತವೋ ಹೆಚ್ಚುಕಡಿಮೆ ಅಷ್ಟೇ ಅವಳಿ ಬಸುರು ನಿಲ್ಲುತ್ತವೆ ಎಂದು ಎಲ್ಲರೂ ನಂಬಿದ್ದರು. ಹೊಟ್ಟೆಯೊಳಗೆ ಇಣುಕಿ ನೋಡುವ ದಾರಿ ಇರಲಿಲ್ಲವಲ್ಲ.

ಹಡಗಿನ ಊರಿನಿಂದ ಬಂದ ಮೆಷಿನ್

ದಾರಿ ತೋರಿಸಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋದ ಪ್ರೊಫೆಸರ್ ಇಯಾನ್ ಡೊನಾಲ್ಡ್. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದು ರೇಡಾರ್, ಸೋನಾರ್‌ಗಳ ಪರಿಚಯ ಇದ್ದವರು. ಗ್ಲಾಸ್ಗೋ ಹಡಗು, ಬಾಯ್ಲರ್ ಕಟ್ಟುವ ಊರು. ಅಲ್ಲಿ ಕಬ್ಬಿಣದ ಬೆಸುಗೆಯೊಳಗೆ ಬಿರುಕಿದೆಯೇ ಎಂದು ನೋಡಲು, ಕಿವಿಗೆ ಕೇಳಿಸದ ಶಬ್ದವನ್ನು ಒಳಗೆ ಕಳಿಸಿ ಅದರ ಮಾರ್ದನಿ ಹಿಡಿಯುವ ಯಂತ್ರ ಬಳಸುತ್ತಿದ್ದರು. 1955ರಲ್ಲಿ ಡೊನಾಲ್ಡ್ ಆಪರೇಷನ್ ಮಾಡಿ ತೆಗೆದ ಗಡ್ಡೆಗಳನ್ನು ಎರಡು ಕಾರುಗಳ ಡಿಕ್ಕಿಯಲ್ಲಿ ತುಂಬಿಕೊಂಡು ಒಂದು ಬಾಯ್ಲರ್ ಕಾರ್ಖಾನೆಗೆ ಹೋದರು. ಹೋಲಿಸಿ ನೋಡಲು ಕಾರ್ಖಾನೆಯವರು ಮಾಂಸದ ಒಂದು ದೊಡ್ಡ ತುಂಡು ತರಿಸಿಟ್ಟಿದ್ದರು. ನೀರು ತುಂಬಿದ ಗಡ್ಡೆ ಒಂದು ಥರ, ಗಟ್ಟಿ ಗಡ್ಡೆ ಇನ್ನೊಂದು ಥರ ಮಾರ್ದನಿ ಕೊಟ್ಟವು. ಡೊನಾಲ್ಡ್, ಜಾನ್ ಮೆಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಸೇರಿ ಬರೆದ ಲೇಖನ 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಇಂದು ಜಿಲ್ಲಾ ಕೇಂದ್ರದ ಗಲ್ಲಿಗಲ್ಲಿಯಲ್ಲಿರುವ ಸ್ಕ್ಯಾನಿಂಗ್ ಸೆಂಟರಿನ ವಂಶ ಇಲ್ಲಿಂದ ಶುರು.

ಮೊದಮೊದಲು ಎಳೇ ಬಸುರು ಕಾಣುತ್ತಿರಲಿಲ್ಲ, ಕರುಳಿನ ಗಾಳಿ ಅಡ್ಡ ಬರುತ್ತಿತ್ತು. ಮೂತ್ರಕೋಶ ತುಂಬಿದ್ದರೆ ಅದೇ ಒಂದು ಕಿಟಕಿಯಾಗಿ ಗರ್ಭಕೋಶ ಕಾಣುತ್ತದೆ ಎಂದು 1960ರ ದಶಕದ ಆರಂಭದಲ್ಲಿ ಡೊನಾಲ್ಡ್ ಕಂಡುಕೊಂಡರು. ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಒಂದೂವರೆ ಲೀಟರ್ ನೀರು ಕುಡಿದು, ಕಾಲು ಅದುಮಿಕೊಂಡು, ಟೋಕನ್ ನಂಬರ್ ಯಾವಾಗ ಕೂಗುತ್ತಾರೋ ಎಂದು ಕುಳಿತ ಹೆಂಗಸರಿಗೆಲ್ಲ ಆ ಕಷ್ಟ ತಂದಿಟ್ಟವರು ಇವರೇ. ಅದೇ ಊರಿನ ಹ್ಯೂ ರಾಬಿನ್ಸನ್ 1970ರ ದಶಕದ ಮೊದಲ ವರ್ಷಗಳಲ್ಲಿ ಏಳನೇ ವಾರದ ಹೊತ್ತಿಗೇ ಕೂಸಿನ ಎದೆಬಡಿತ ಹಿಡಿಯುವುದನ್ನೂ, ತಲೆಯಿಂದ ಕುಂಡೆಯವರೆಗಿನ ಉದ್ದ ಅಳೆದು ಬಸುರಿನ ದಿನ ಲೆಕ್ಕ ಹಾಕುವುದನ್ನೂ ತೋರಿಸಿದರು. ರಿಪೋರ್ಟಿನಲ್ಲಿ 'ಸಿಆರ್‌ಎಲ್' ಎಂದು ಇರುವುದು ಆ ಉದ್ದವೇ.

ಎದೆಬಡಿತ ಎಣಿಸಲು ಬಂದ ಕೂಡಲೇ ಒಂದು ವಿಚಿತ್ರ ಎದುರಾಯಿತು. ಎರಡು ಕಂಡವು ಒಂದಾಗುತ್ತಿದ್ದವು. ಬೆಲ್ಜಿಯಂನ ಬ್ರಸೆಲ್ಸ್ ಊರಿನ ಸಾಲ್ವಡೋರ್ ಲೆವಿ ಎಂಬ ವೈದ್ಯ 1976ರಲ್ಲಿ ಬರೆದದ್ದು ಓದಿದವರನ್ನು ಬೆಚ್ಚಿಬೀಳಿಸಿತು. ಹತ್ತು ವಾರದೊಳಗೆ ಅವಳಿ ಎಂದು ಕಂಡಿದ್ದ ಬಸುರುಗಳಲ್ಲಿ ನೂರಕ್ಕೆ 71ರಲ್ಲಿ ಹುಟ್ಟಿದ್ದು ಒಂದೇ ಕೂಸು! ಮರುವರ್ಷ ರಾಬಿನ್ಸನ್ ಕೂಡ ಇಂಥದೇ ಅನುಭವ ಬರೆದರು.

ಅನುಮಾನಪಟ್ಟವರು ಇದ್ದರು, ಅದರಲ್ಲಿ ತಪ್ಪೇನೂ ಇರಲಿಲ್ಲ. ಆ ಕಾಲದ ಮೆಷಿನ್ನುಗಳ ಚಿತ್ರ ಮಂಜಿನೊಳಗೆ ನೋಡಿದಂತೆ. ಗರ್ಭಕೋಶದಲ್ಲಿ ನಿಂತ ರಕ್ತವನ್ನೇ ಎರಡನೇ ಚೀಲ ಎಂದುಕೊಂಡಿರಬಹುದಲ್ಲ? 1986ರಲ್ಲಿ ಅಮೆರಿಕದ ಹೆಲೆನ್ ಲ್ಯಾಂಡಿ ಮತ್ತು ಸಂಗಡಿಗರು ಒಂದು ಸಾವಿರ ಬಸುರುಗಳನ್ನು ಮೊದಲ ಮೂರು ತಿಂಗಳಲ್ಲೇ ಎಚ್ಚರದಿಂದ ನೋಡಿದರು. ನೂರಕ್ಕೆ ಮೂರಕ್ಕೂ ಸ್ವಲ್ಪ ಹೆಚ್ಚು ಅವಳಿ ಕಂಡವು. ಅವುಗಳಲ್ಲಿ ನೂರಕ್ಕೆ ಸುಮಾರು 21ರಲ್ಲಿ ಕೂಸು ಕಾಣೆಯಾಯಿತು. ಲೆವಿ ಹೇಳಿದಷ್ಟಲ್ಲ, ಆದರೂ ಐದರಲ್ಲಿ ಒಂದು. ಹೆಲ್ಲಿನ್ ಲೆಕ್ಕದಲ್ಲಿ ನೂರಕ್ಕೆ ಒಂದು ಚಿಲ್ಲರೆ ಇದ್ದ ಅವಳಿ, ಬಸುರಿನ ಶುರುವಿನಲ್ಲಿ ಅದರ ಎರಡು ಮೂರು ಪಟ್ಟು ಇರುತ್ತದೆ ಎಂದಾಯಿತು. 'ವ್ಯಾನಿಶಿಂಗ್ ಟ್ವಿನ್', ಅಂದರೆ ಕಾಣೆಯಾಗುವ ಅವಳಿ, ಎಂಬ ಹೆಸರು ಆ ದಶಕದಲ್ಲಿ ಊರಿತು. ಮುಂದೆ ಪ್ರನಾಳ ಶಿಶು ಚಿಕಿತ್ಸೆ ಬಂದು, ಒಂದಕ್ಕಿಂತ ಹೆಚ್ಚು ಭ್ರೂಣ ಗರ್ಭಕ್ಕೆ ಬಿಡುವುದು, ಆರನೇ ವಾರಕ್ಕೇ ಸ್ಕ್ಯಾನಿಂಗ್ ಮಾಡುವುದು ರೂಢಿಯಾದ ಮೇಲೆ ಹೀಗೆ ಕಂಡು ಕಾಣೆಯಾಗುವುದು ಇನ್ನೂ ಹೆಚ್ಚು ಲೆಕ್ಕಕ್ಕೆ ಸಿಕ್ಕಿತು.

ಯಾಕೆ ಹೋಗುತ್ತದೆ? ಮೊದಲ ಮೂರು ತಿಂಗಳಲ್ಲಿ ಬಿದ್ದುಹೋಗುವ ಬಸುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಕ್ರೋಮೋಸೋಮ್‌ಗಳ ಎಣಿಕೆಯೇ ತಪ್ಪಿರುತ್ತದೆ. ಕಾಣೆಯಾಗುವ ಅವಳಿಯ ಕಥೆಯೂ ಬಹಳ ಸಲ ಅದೇ. ಗ್ರಹಣದ ದಿನ ಹೊರಗೆ ಬಂದಳು, ಬಿಂದಿಗೆ ಹೊತ್ತಳು, ಬಸ್ಸಿನಲ್ಲಿ ತವರಿಗೆ ಹೋದಳು ಎಂದು ಬಸುರಿಯ ಮೇಲೆ ಹೊರಿಸುವ ಮಾತುಗಳಿಗೂ ಇದಕ್ಕೂ ಸಂಬಂಧ ಇಲ್ಲ. ಇಷ್ಟು ಬೇಗ ಒಂದು ಹೋದರೆ ಉಳಿದದ್ದು ಸಾಮಾನ್ಯವಾಗಿ ಚೆನ್ನಾಗಿಯೇ ಬೆಳೆಯುತ್ತದೆ ಎಂಬುದೂ ಇಷ್ಟು ವರ್ಷದ ಅನುಭವ.

ಆದರೆ ಹೋದ ಕೂಸಿನ ಕ್ರೋಮೋಸೋಮ್ ತಪ್ಪಿರುವುದೇ ಹೆಚ್ಚು ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ತೊಡಕಾಗುವುದು ಅದೇ.

ತಾಯಿಯ ತೋಳಿನಿಂದ ಕೂಸಿನ ಸುದ್ದಿ

ಇನ್ನೊಂದು ಕಡೆ ರಕ್ತಪರೀಕ್ಷೆಯ ಕಥೆ ಬೇರೆಯೇ ದಾರಿಯಲ್ಲಿ ಬರುತ್ತಿತ್ತು. ಜಾನ್ ಲ್ಯಾಂಗ್‌ಡನ್ ಡೌನ್ ಎಂಬ ಇಂಗ್ಲೆಂಡಿನ ವೈದ್ಯ 1866ರಲ್ಲಿ ಒಂದೇ ಥರದ ಮುಖಲಕ್ಷಣ, ನಿಧಾನ ಬುದ್ಧಿ ಬೆಳವಣಿಗೆ ಇದ್ದ ಮಕ್ಕಳ ಬಗ್ಗೆ ಬರೆದರು. ಅದಕ್ಕೆ ಕಾರಣ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದು ಎಂದು 1959ರಲ್ಲಿ ಪ್ಯಾರಿಸ್‌ನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ತೋರಿಸಿದರು. ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಕೆಲಸ ಮಾಡಿದವರು ಮಾರ್ಥ್ ಗೋತಿಯೆ ಎಂಬ ವೈದ್ಯೆ. ಹೆಸರು ಮಾತ್ರ ಬಹಳ ಕಾಲ ಲೆಜೂನ್ ಒಬ್ಬರದೇ ಆಗಿತ್ತು. ಈ ಥರದ್ದು ನಮಗೆ ಹೊಸದಲ್ಲ.

1966ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಗರ್ಭದ ನೀರಿನಲ್ಲಿರುವ ಕೂಸಿನ ಜೀವಕೋಶ ಬೆಳೆಸಿ ಕ್ರೋಮೋಸೋಮ್ ಎಣಿಸಬಹುದು ಎಂದು ತೋರಿಸಿದರು. ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯುವ ಈ ಪರೀಕ್ಷೆ 1970ರ ದಶಕದ ನಡುವೆ ದೆಹಲಿಯ ಏಮ್ಸ್ ಮೂಲಕ ಭಾರತಕ್ಕೆ ಬಂತು. ಬಂದದ್ದು ಕೂಸಿನ ನ್ಯೂನತೆ ನೋಡಲು. ಬಳಕೆಯಾದದ್ದು ಹೆಣ್ಣೋ ಗಂಡೋ ನೋಡಲು. ಕಡೆಗೆ ಮಹಾರಾಷ್ಟ್ರ 1988ರಲ್ಲಿ, ಇಡೀ ದೇಶ 1994ರಲ್ಲಿ ಕಾನೂನು ಮಾಡಬೇಕಾಯಿತು. ಸ್ಕ್ಯಾನಿಂಗ್‌ಗೆ ಮೊದಲು ಸಹಿ ಹಾಕಿಸಿಕೊಳ್ಳುವ ಫಾರಂ-ಎಫ್ ಆ ಕಾನೂನಿನದ್ದು.

ಎಲ್ಲ ಬಸುರಿಯರಿಗೂ ಸೂಜಿ ಹಾಕಲು ಆಗುವುದಿಲ್ಲ, ಅದರಿಂದಲೇ ಬಸುರು ಹೋಗುವ ಭಯ ಸ್ವಲ್ಪ ಇದೆ. ಯಾರಿಗೆ ಬೇಕು ಎಂದು ಸೋಸಿ ತೆಗೆಯುವುದು ಹೇಗೆ? ಮೊದಲು ತಾಯಿಯ ವಯಸ್ಸು ನೋಡುತ್ತಿದ್ದರು. 35 ವರ್ಷದ ತಾಯಿಗೆ ಡೌನ್ ಸಿಂಡ್ರೋಮ್ ಕೂಸು ಹುಟ್ಟುವ ಸಾಧ್ಯತೆ ಸುಮಾರು 350ಕ್ಕೆ ಒಂದು, 20ರ ತಾಯಿಗೆ ಸುಮಾರು 1500ಕ್ಕೆ ಒಂದು. ಆದರೆ ಹೆರುವವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರೇ ಆದ್ದರಿಂದ ವಯಸ್ಸಿನ ಜರಡಿಯಲ್ಲಿ ಬಹಳಷ್ಟು ಸೋರಿಹೋಗುತ್ತಿತ್ತು.

1972ರಲ್ಲಿ ಎಡಿನ್‌ಬರೋದ ಡೇವಿಡ್ ಬ್ರಾಕ್ ಮತ್ತು ರೋಜರ್ ಸಟ್‌ಕ್ಲಿಫ್, ಬೆನ್ನುಹುರಿ ಮುಚ್ಚದ ಕೂಸಿನ ಗರ್ಭದ ನೀರಿನಲ್ಲಿ ಎಎಫ್‌ಪಿ ಎಂಬ ವಸ್ತು ಜಾಸ್ತಿ ಇರುತ್ತದೆ ಎಂದರು. ಸ್ವಲ್ಪ ದಿನಕ್ಕೆ ಅದನ್ನು ತಾಯಿಯ ರಕ್ತದಲ್ಲೇ ಅಳೆಯುವುದು ಶುರುವಾಯಿತು. ಅಮೆರಿಕದಲ್ಲಿ ಒಬ್ಬ ತಾಯಿಗೆ ಎಎಫ್‌ಪಿ ಏನೂ ಇಲ್ಲವೆನ್ನುವಷ್ಟು ಕಡಿಮೆ ಬಂದಿತ್ತು. ಜಾಸ್ತಿ ಬಂದರಷ್ಟೇ ಚಿಂತೆ ಎಂಬ ಕಾಲ ಅದು. ಹುಟ್ಟಿದ ಕೂಸಿಗೆ 18ನೇ ಕ್ರೋಮೋಸೋಮ್ ಮೂರಿತ್ತು. ರಕ್ತದಲ್ಲಿ ಅಷ್ಟು ಕಡಿಮೆ ಬಂದದ್ದಕ್ಕೂ ಇದಕ್ಕೂ ಸಂಬಂಧ ಇರಬಹುದೇ ಎಂದು ಆ ತಾಯಿ ಕೇಳಿದರು. ಅರ್ವಿನ್ ಮೆರ್ಕಾಟ್ಜ್ ಮತ್ತು ಸಂಗಡಿಗರು ಹಳೇ ದಾಖಲೆ ತೆಗೆದು ನೋಡಿದರೆ, ಸಂಬಂಧ ಇತ್ತು. 1984ರಲ್ಲಿ ಅದು ಪ್ರಕಟವಾಯಿತು. ಡಾಕ್ಟರ ಮುಂದೆ "ಒಂದು ಕೇಳಲಾ ಸಾರ್?" ಅನ್ನಲೂ ಅಂಜುವ ನಮ್ಮ ಹೆಂಗಸರಿಗೆ ಈ ತಾಯಿಯ ಕಥೆ ಹೇಳಬೇಕು ಅನ್ನಿಸುತ್ತದೆ.

1988ರಲ್ಲಿ ಲಂಡನ್ನಿನ ನಿಕೊಲಸ್ ವಾಲ್ಡ್ ಮತ್ತು ಸಂಗಡಿಗರು ಮೂರು ವಸ್ತುಗಳ ಅಳತೆಯನ್ನೂ ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕುವ ವಿಧಾನ ಕೊಟ್ಟರು. 1992ರಲ್ಲಿ ಕಿಪ್ರೋಸ್ ನಿಕೊಲೈಡಿಸ್ ತಂಡ, 11ರಿಂದ 14ನೇ ವಾರದೊಳಗೆ ಕೂಸಿನ ಕತ್ತಿನ ಹಿಂದೆ ನೀರು ಹೆಚ್ಚು ತುಂಬಿದ್ದರೆ ಅದೂ ಒಂದು ಸೂಚನೆ ಎಂದಿತು. ಅದೇ ಇಂದಿನ ಎನ್‌ಟಿ ಸ್ಕ್ಯಾನ್. ಅದರ ಜೊತೆ ರಕ್ತದ ಎರಡು ಅಳತೆ, ಪ್ಯಾಪ್-ಎ ಮತ್ತು ಬೀಟಾ ಎಚ್‌ಸಿಜಿ, ಸೇರಿದರೆ ನಮ್ಮ ಕಡೆ ಹೇಳುವ ಡಬಲ್ ಮಾರ್ಕರ್.

ಈ ಲೆಕ್ಕದ ಒಳಗುಟ್ಟು ಒಂದಿದೆ. "ನಿಮಗೆ 250ಕ್ಕೆ ಒಂದು" ಎಂದು ರಿಪೋರ್ಟ್ ಹೇಳುವುದು ನಿಮ್ಮ ರಕ್ತದ ಅಳತೆಯನ್ನು ಅದೇ ವಾರದ ಬೇರೆ ಸಾವಿರಾರು ಬಸುರಿಯರ ನಡುಮಟ್ಟಕ್ಕೆ ಹಿಡಿದು ನೋಡಿ. ಆ ಸಾವಿರಾರು ಜನ ಹೊತ್ತದ್ದು ಒಂದೊಂದೇ ಕೂಸು. ಲ್ಯಾಬಿನ ತಕ್ಕಡಿಯ ಬಟ್ಟು ಒಂಟಿ ಕೂಸಿನದ್ದು. ಅವಳಿ ಎಂದು ಬರೆದು ಕಳಿಸಿದರೆ ಬೇರೆ ಬಟ್ಟು ಹಾಕುತ್ತಾರೆ. ಒಂದು ಹೋಗಿ ಒಂದು ಉಳಿದವಳ ರಕ್ತಕ್ಕೆ ಯಾವ ಬಟ್ಟು?

ಎರಡು ಥರದ ತಪ್ಪು

2010ರಲ್ಲಿ ಕೆವಿನ್ ಸ್ಪೆನ್ಸರ್, ನಿಕೊಲೈಡಿಸ್ ಮತ್ತು ಸಂಗಡಿಗರು ಇಂಥ ತಾಯಂದಿರನ್ನೇ ಆರಿಸಿ ನೋಡಿದರು. ಎರಡನೇ ಚೀಲ ಬರೀ ಖಾಲಿ ಇದ್ದರೆ ರಕ್ತದ ಅಳತೆಯಲ್ಲಿ ವ್ಯತ್ಯಾಸ ಇರಲಿಲ್ಲ. ಆ ಚೀಲದಲ್ಲಿ ಸತ್ತ ಕೂಸಿನ ಆಕಾರ ಅಳೆಯುವಷ್ಟು ಇದ್ದರೆ ಪ್ಯಾಪ್-ಎ ಏರಿತ್ತು. ಕೂಸು ಹೋಗಿ ಕಡಿಮೆ ದಿನ ಆಗಿದ್ದಷ್ಟೂ ಏರಿಕೆ ಹೆಚ್ಚು. ಬೀಟಾ ಎಚ್‌ಸಿಜಿ ಮಾತ್ರ ಬದಲಾಗಿರಲಿಲ್ಲ. ಅಂಥವರಿಗೆ ಪ್ಯಾಪ್-ಎ ಬಿಟ್ಟು, ಕತ್ತಿನ ಅಳತೆ ಮತ್ತು ಬೀಟಾ ಎಚ್‌ಸಿಜಿ ಮೇಲೆ ಲೆಕ್ಕ ಹಾಕಿ ಎಂದರು ಅವರು. ಕತ್ತಿನ ಅಳತೆಗೆ ಈ ತೊಡಕೇ ಇಲ್ಲ, ಅದು ಬದುಕಿರುವ ಕೂಸಿನ ಕತ್ತಿನದ್ದೇ. ನಾಲ್ಕನೇ ತಿಂಗಳಾದ ಮೇಲಿನ ರಕ್ತಪರೀಕ್ಷೆಯಲ್ಲಿ ನೋಡುವ ಎಎಫ್‌ಪಿಯನ್ನೂ ಹೋದ ಅವಳಿ ಏರಿಸಬಲ್ಲದು. ಆಗ ಕೂಸಿನ ಬೆನ್ನುಹುರಿ ಬಗ್ಗೆ ಇಲ್ಲದ ಗಾಬರಿ.

ಪ್ಯಾಪ್-ಎ ಏರಿದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಡೌನ್ ಸಿಂಡ್ರೋಮ್ ಇದ್ದ ಬಸುರಲ್ಲಿ ಅದು ಕಡಿಮೆ ಇರುತ್ತದೆ. ಹೋದ ಅವಳಿ ಅದನ್ನು ಮೇಲಕ್ಕೆತ್ತಿದರೆ ಕಡಿಮೆ ಇರಬೇಕಾದದ್ದು ಸರಿಯಾಗಿಯೇ ಕಾಣುತ್ತದೆ. ಅಂದರೆ ಡಬಲ್ ಮಾರ್ಕರ್ "ಏನೂ ತೊಂದರೆ ಇಲ್ಲ" ಎಂದು ಸುಳ್ಳು ಧೈರ್ಯ ಹೇಳಬಹುದು.

ಇದರ ಮೇಲೆ ಬಂದ ಹೊಸ ಪರೀಕ್ಷೆ ಎಡವುವುದು ಇದಕ್ಕೆ ತದ್ವಿರುದ್ಧ ದಿಕ್ಕಿಗೆ.

1997ರಲ್ಲಿ ಡೆನಿಸ್ ಲೋ ಎಂಬ ವಿಜ್ಞಾನಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಿಂದ ತಮ್ಮ ಊರು ಹಾಂಗ್‌ಕಾಂಗ್‌ಗೆ ಮರಳಿದ್ದರು. ಕ್ಯಾನ್ಸರ್ ಗಡ್ಡೆಯ ಡಿಎನ್‌ಎ ರೋಗಿಯ ರಕ್ತದ ತಿಳಿಯಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಸಿಗುತ್ತದೆ ಎಂದು ಓದಿದವರಿಗೆ, ಹೊಟ್ಟೆಯಲ್ಲಿ ಬೆಳೆಯುವ ಕೂಸಿನದ್ದೂ ಯಾಕೆ ಸಿಗಬಾರದು ಎಂದು ಹೊಳೆಯಿತು. ಮೊದಲ ಪ್ರಯೋಗಕ್ಕೆ ಪ್ಲಾಸ್ಮಾವನ್ನು ಸುಮ್ಮನೆ ಕುದಿಸಿದರು. ಪೊಟ್ಟಣದ ನೂಡಲ್ಸ್ ಕುದಿಸುವುದರಿಂದ ಆ ಯೋಚನೆ ಬಂತು ಎಂದು ಅವರೇ ಹೇಳಿದ್ದಾರೆ. ಗಂಡು ಕೂಸು ಹೊತ್ತ 30 ತಾಯಂದಿರಲ್ಲಿ 24 ಮಂದಿಯ ಪ್ಲಾಸ್ಮಾದಲ್ಲಿ ಗಂಡಿನ ಗುರುತಾದ ವೈ ಕ್ರೋಮೋಸೋಮಿನ ಚೂರು ಸಿಕ್ಕಿತು. ಹೆಂಗಸಿನ ಮೈಯಲ್ಲಿ ಇಲ್ಲದ ಚೂರು, ಕೂಸಿನದ್ದೇ ಇರಬೇಕು. 2011ರಲ್ಲಿ ಈ ಪರೀಕ್ಷೆ ಮಾರುಕಟ್ಟೆಗೆ ಬಂತು. ಈಗ ಬೆಂಗಳೂರಿನ ಲ್ಯಾಬುಗಳಿಗೆ ನಮ್ಮ ಜಿಲ್ಲೆಗಳಿಂದಲೂ ಸಾವಿರಾರು ರೂಪಾಯಿ ಕೊಟ್ಟು ರಕ್ತ ಕಳಿಸುವ ಎನ್‌ಐಪಿಟಿ ಇದೇ. ಹತ್ತನೇ ವಾರದಿಂದ ಮಾಡಬಹುದು.

ಲೋ ಅವರ ತಂಡ 1999ರಲ್ಲಿ ಇನ್ನೊಂದು ಸಂಗತಿ ಹೇಳಿತು. ಹೆರಿಗೆಯಾದ ಮೇಲೆ ಕೂಸಿನ ಡಿಎನ್‌ಎ ತಾಯಿಯ ರಕ್ತದಿಂದ ಬಲು ಬೇಗ ಹೋಗುತ್ತದೆ, ಸರಾಸರಿ 16 ನಿಮಿಷಕ್ಕೆ ಅರ್ಧವಾಗುತ್ತಾ ಬರುತ್ತದೆ. ಅಷ್ಟು ಬೇಗ ಹೋಗುವುದಾದರೆ ಏಳನೇ ವಾರಕ್ಕೆ ಹೋದ ಅವಳಿಯದ್ದು ಹನ್ನೆರಡನೇ ವಾರಕ್ಕೆ ಇರಲೇಬಾರದು ಅಲ್ಲವೇ?

ಇರುತ್ತದೆ. ಯಾಕೆಂದರೆ ಕೂಸಿನ ಡಿಎನ್‌ಎ ಎಂದು ನಾವು ಕರೆಯುವುದು ಬರುವುದು ಹೆಚ್ಚಾಗಿ ಮಾಸಿನಿಂದ. ಹೆರಿಗೆಯಲ್ಲಿ ಮಾಸು ಹೊರಗೆ ಬೀಳುತ್ತದೆ, ಊಟೆ ಅಲ್ಲಿಗೆ ಬತ್ತುತ್ತದೆ. ಅವಳಿ ಹೋದಾಗ ಕೂಸಿನ ಎದೆಬಡಿತ ನಿಲ್ಲುತ್ತದೆಯೇ ಹೊರತು ಅದರ ಮಾಸು ಒಳಗೇ ಉಳಿದು ನಿಧಾನ ಕರಗುತ್ತಾ ತನ್ನ ಚೂರುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ವಾರಗಟ್ಟಲೆ ಹಾಗೆ ಉಳಿದದ್ದನ್ನು, ಎಂಟು ವಾರದವರೆಗೂ ಸಿಕ್ಕಿದ್ದನ್ನು, 2014ರಿಂದೀಚೆಗೆ ಬಂದ ವರದಿಗಳು ದಾಖಲಿಸಿವೆ. ಹಿಂದೆ ಹೇಳಿದ ಮಾತು ಇಲ್ಲಿ ಬಂದು ಸೇರುತ್ತದೆ. ಹೋದ ಅವಳಿಯಲ್ಲಿ ಕ್ರೋಮೋಸೋಮ್ ತಪ್ಪಿರುವ ಸಂಭವ ಹೆಚ್ಚು. ಆ ತಪ್ಪು ರಕ್ತದಲ್ಲಿ ತೇಲುತ್ತಿರುತ್ತದೆ. ಎನ್‌ಐಪಿಟಿ ಅದನ್ನು ಹಿಡಿದು "21ನೇ ಕ್ರೋಮೋಸೋಮ್ ಜಾಸ್ತಿ" ಎಂದು ಬರೆಯುತ್ತದೆ. ಉಳಿದ ಕೂಸು ಸರಿಯಾಗಿಯೇ ಇರಬಹುದು.

ಹೊರದೇಶಗಳಲ್ಲಿ ಇದು ಬಯಲಾದ ಒಂದು ದಾರಿ ಹೆಣ್ಣು ಗಂಡಿನದ್ದು. ರಕ್ತದ ರಿಪೋರ್ಟಿನಲ್ಲಿ ಗಂಡು, ಸ್ಕ್ಯಾನಿಂಗ್‌ನಲ್ಲಿ ಹೆಣ್ಣು. ಹಳೇ ಸ್ಕ್ಯಾನಿಂಗ್ ತೆಗೆದು ನೋಡಿದರೆ ಒಂದು ಅವಳಿ ಕಾಣೆಯಾಗಿತ್ತು. ನಮ್ಮಲ್ಲಿ ಲಿಂಗ ಹೇಳುವುದು ಅಪರಾಧ. 2023ರಲ್ಲೂ ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣುಭ್ರೂಣ ಹುಡುಕಿದ ಜಾಲ ಸಿಕ್ಕಿಬಿದ್ದ ನಾಡು ಇದು, ಕಾನೂನು ಸಡಿಲವಾಗಲಿ ಎಂದು ಯಾರೂ ಹೇಳಲಾರರು. ಹಾಗಾಗಿ ಈ ಸುಳಿವು ನಮ್ಮ ತಾಯಂದಿರಿಗೆ ಸಿಗುವುದಿಲ್ಲ. 2015ರ ಹೊತ್ತಿಗೆ ಒಂದು ಬಗೆಯ ಎನ್‌ಐಪಿಟಿ, ರಕ್ತದಲ್ಲಿ ತಾಯಿ ಮತ್ತು ಒಂದು ಕೂಸಿನದ್ದಲ್ಲದೆ ಮೂರನೆಯ ಜೀವದ ಡಿಎನ್‌ಎ ಇದೆ ಎಂಬುದನ್ನು ಗುರುತಿಸಬಹುದು ಎಂದು ತೋರಿಸಿತು. ಎಲ್ಲ ಲ್ಯಾಬುಗಳದ್ದು ಆ ಬಗೆಯಲ್ಲ. ಒಂದೇ ಅಂಡದಿಂದ ಒಡೆದ ಅವಳಿಗಳಲ್ಲಿ ಅದೂ ನಡೆಯುವುದಿಲ್ಲ, ಇಬ್ಬರ ಡಿಎನ್‌ಎ ಒಂದೇ. ಅಮೆರಿಕದ ಹೆರಿಗೆ ತಜ್ಞರ ಸಂಘ 2020ರಲ್ಲಿ ತನ್ನ ವೈದ್ಯರಿಗೆ, ಅವಳಿ ಕಾಣೆಯಾದಲ್ಲಿ ರಕ್ತಪರೀಕ್ಷೆಗಳು ತಪ್ಪು ಹೇಳುವ ಅಪಾಯ ಗಣನೀಯ ಎಂದು ಎಚ್ಚರಿಸಿದೆ.

ದಾರಿಯಲ್ಲಿ ಬಿದ್ದುಹೋಗುವ ಒಂದು ಸಾಲು

ಈಗ ನಮ್ಮ ಕಡೆಯ ಒಬ್ಬ ಬಸುರಿಯನ್ನು ಊಹಿಸಿಕೊಳ್ಳಿ. ಏಳನೇ ವಾರಕ್ಕೆ ಸ್ವಲ್ಪ ರಕ್ತ ಕಂಡಿತೆಂದು ತವರಿನ ಹತ್ತಿರದ ಪಟ್ಟಣದಲ್ಲಿ ಸ್ಕ್ಯಾನಿಂಗ್ ಆಯಿತು. ಎರಡು ಚೀಲ ಎಂದು ಚೀಟಿ ಕೊಟ್ಟರು. ಗಂಡನ ಊರಿಗೆ ಬಂದು ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿದಳು. ಹನ್ನೆರಡನೇ ವಾರಕ್ಕೆ ಜಿಲ್ಲಾ ಕೇಂದ್ರದ ಬೇರೆ ಸೆಂಟರಿನಲ್ಲಿ ಎನ್‌ಟಿ ಸ್ಕ್ಯಾನ್. ಅಲ್ಲಿ ಕಂಡದ್ದು ಒಂದೇ, ಬರೆದದ್ದೂ ಒಂದೇ. ಪಕ್ಕದ ಕಲೆಕ್ಷನ್ ಸೆಂಟರಿನ ಹುಡುಗ ರಕ್ತ ತೆಗೆದು ಫಾರಂ ತುಂಬುತ್ತಾನೆ. ಭ್ರೂಣ ಎಷ್ಟು? ಒಂದು. ರಕ್ತ ಬೆಂಗಳೂರಿಗೆ ಹೋಯಿತು. ಮೊದಲ ಚೀಟಿ ತವರಿನ ಟ್ರಂಕಿನಲ್ಲಿದೆ.

ಇಲ್ಲಿ ಯಾರೂ ಬೇಕೆಂದು ತಪ್ಪು ಮಾಡಿಲ್ಲ. ಆದರೂ ಬೆಂಗಳೂರಿನ ಲ್ಯಾಬಿಗೆ ಆ ರಕ್ತ ಒಂಟಿ ಕೂಸಿನ ತಾಯಿಯದ್ದು. ಇನ್ನು ಏಳನೇ ವಾರದ ಸ್ಕ್ಯಾನಿಂಗ್ ಮಾಡಿಸಿಯೇ ಇರದವರಿಗೆ ಅವಳಿ ಇತ್ತು ಎಂಬುದೇ ಗೊತ್ತಿರುವುದಿಲ್ಲ. ಹೆಚ್ಚಿನವರು ಅವರೇ.

"ಹೈ ರಿಸ್ಕ್" ಎಂದು ವಾಟ್ಸಾಪಿನಲ್ಲಿ ರಿಪೋರ್ಟ್ ಬಂದ ರಾತ್ರಿ ಆ ಮನೆಯಲ್ಲಿ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ. ತೆಗೆಸಿಬಿಡೋಣ ಎನ್ನುವ ಮಾತು ಬಹಳ ಬೇಗ ಬರುತ್ತದೆ. 2021ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ಗರ್ಭಪಾತಕ್ಕೆ ಸಾಮಾನ್ಯವಾಗಿ 20 ವಾರ, ಕೆಲವು ವರ್ಗದ ಹೆಂಗಸರಿಗೆ 24 ವಾರ, ಕೂಸಿಗೆ ಗಂಭೀರ ನ್ಯೂನತೆ ಇದ್ದರೆ ಮೆಡಿಕಲ್ ಬೋರ್ಡ್ ಒಪ್ಪಿಗೆಯ ಮೇಲೆ ಅದರಾಚೆಗೂ ಅವಕಾಶ ಇದೆ. ಅಂದರೆ ಖಚಿತ ಪರೀಕ್ಷೆ ಮಾಡಿಸಿ ಫಲಿತಾಂಶಕ್ಕೆ ಕಾಯುವಷ್ಟು ಸಮಯ ಇದೆ. ಡಬಲ್ ಮಾರ್ಕರ್ ಆಗಲಿ ಎನ್‌ಐಪಿಟಿ ಆಗಲಿ ಜರಡಿ ಹಿಡಿಯುವ ಪರೀಕ್ಷೆಗಳು. ಅವುಗಳ ಮೇಲೆ ಬಸುರು ತೆಗೆಸುವ ತೀರ್ಮಾನ ಮಾಡಬಾರದು ಎಂದು ಅವುಗಳ ರಿಪೋರ್ಟಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಇದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಹಾಕಿದರೆ ಲ್ಯಾಬಿಗೆ ನಷ್ಟವೇನು?

ಖಚಿತ ಉತ್ತರ ಕೊಡುವುದು 1966ರ ಆ ಹಳೇ ವಿಧಾನವೇ, 15ನೇ ವಾರದ ನಂತರ ಉಳಿದ ಕೂಸಿನ ಚೀಲದ ನೀರು ತೆಗೆದು ನೋಡುವುದು. ಇನ್ನೂ ಬೇಗ, 11ನೇ ವಾರದಿಂದಲೇ, ಮಾಸಿನ ತುಣುಕು ತೆಗೆದು ನೋಡುವ ಪರೀಕ್ಷೆಯೂ ಇದೆ. ಆದರೆ ಅವಳಿ ಹೋದವರಲ್ಲಿ ಸೂಜಿಗೆ ಸಿಕ್ಕಿದ್ದು ಹೋದ ಕೂಸಿನ ಮಾಸೇ ಆಗಿಬಿಡುವ ಭಯ. ಅದಕ್ಕೇ ಇಂಥವರಲ್ಲಿ ನೀರಿನ ಪರೀಕ್ಷೆಯೇ ಹೆಚ್ಚು ಭರವಸೆಯದ್ದು. ಜೀವಕೋಶ ಬೆಳೆಸಿ ಎಣಿಸುವ ಪೂರ್ತಿ ವರದಿಗೆ ಎರಡು ಮೂರು ವಾರ ಹಿಡಿಯುತ್ತದೆ, ಬೇಗ ಹೇಳುವ ವಿಧಾನಗಳಲ್ಲಿ ಕೆಲವೇ ದಿನ.

ಎನ್‌ಟಿ ಸ್ಕ್ಯಾನಿಗೆ ಹೋಗುವಾಗ ಮೊದಲ ಸ್ಕ್ಯಾನಿಂಗ್ ಚೀಟಿ ಜೊತೆಗಿರಲಿ. ರಕ್ತ ತೆಗೆಯುವವರಿಗೂ ಫಾರಂ ತುಂಬುವ ಮೊದಲೇ "ಮೊದಲು ಎರಡಿತ್ತು, ಒಂದು ಹೋಗಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಎರಡನೇ ಚೀಲ ಖಾಲಿ ಇತ್ತೋ, ಒಳಗೆ ಕೂಸಿನ ಆಕಾರ ಇತ್ತೋ, ಎಷ್ಟನೇ ವಾರದಲ್ಲಿ ನಿಂತಿತು, ಇದನ್ನು ಡಾಕ್ಟರ ಕೈಲಿ ಬರೆಸಿಕೊಳ್ಳಿ, ತಾಯಿ ಕಾರ್ಡಿನಲ್ಲೂ ಒಂದು ಸಾಲು ಇರಲಿ. ಸ್ಕ್ಯಾನಿಂಗ್ ಮೆಷಿನ್ನಿನಿಂದ ಬರುವ ಆ ನುಣುಪು ಕಾಗದದ ಚಿತ್ರ ಬಸ್ ಟಿಕೆಟ್ಟಿನಂತೆ ಬಿಸಿಲಿಗೆ, ಬಿಸಿಗೆ ಮಾಸುತ್ತದೆ. ಕೊಟ್ಟ ದಿನವೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.